ಫೋಟೋದಲ್ಲಿ ಇಲ್ಲದ ಶಿವದಾರ

ಬೈಲಹೊಂಗಲ
ಸೋಮವಾರ, ೨೪-೧೦-೧೯೭೭

ನಮ್ಮ ಮನೆಯ ಎಡಗಾಲಿನ ಸರದಾರ ಚಿ. ನಿಜಗುಣನಿಗೆ,

ನಿನ್ನ ಅಜ್ಜ ಶಂಕರೆಪ್ಪ ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಬರೆಯುತ್ತಿದ್ದೇನೆ. ಮೊದಲು ನಿನ್ನ ಮೈ ಹೇಗಿದೆ ಹೇಳು. ಕಠ್ಮಂಡುವಿನಲ್ಲಿ ಈಗಲೇ ಹಲ್ಲು ಕಟಕಟಿಸುವ ಚಳಿಯಂತೆ, ರೇಡಿಯೋದಲ್ಲಿ ಹೇಳಿದರು. ನಿನ್ನವ್ವ ತಂಗೆವ್ವ ಕಣ್ಣು ನೋಯಿಸಿಕೊಂಡು ಹೆಣೆದ ಸ್ವೆಟರನ್ನು ನೀನು ಮಂಚದ ಮೇಲೆಯೇ ಬಿಟ್ಟು ಹೋದೆ. ಮರೆತು ಬಿಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು ಎಂದು ನನಗೆ ಗೊತ್ತು. ಆ ಕುಂಬಳಹೂವಿನ ಬಣ್ಣ ನನಗೂ ಸೇರಿರಲಿಲ್ಲ. ಆದರೂ ಚಳಿಗೆ ಬಣ್ಣ ಕಾಣುವುದಿಲ್ಲ ತಮ್ಮಾ, ಹಾಕಿಕೊಂಡು ಹೋಗಬೇಕಿತ್ತು. ಬೆಳಗಾವಿಯಲ್ಲಿ ಪೆಟ್ಟು ತಿಂದ ಮೊಣಕಾಲು ಹೇಗಿದೆ? ರಾತ್ರಿ ಮಲಗುವ ಮುಂಚೆ ಎಣ್ಣೆ ಕಾಯಿಸಿ ತಿಕ್ಕಿಕೊಳ್ಳುವುದನ್ನು ಬಿಡಬೇಡ. ಊಟಕ್ಕೆ ದಿನವೂ ಅನ್ನ, ಬೇಳೆ, ಆಲೂಗಡ್ಡೆ ಎಂದು ನೀನು ಕಾರ್ಡಿನಲ್ಲಿ ಬರೆದಿದ್ದೆ. ಜೋಳದ ರೊಟ್ಟಿ ಕಾಣದಿದ್ದರೆ ಮುಖ ಊದಿಸಿಕೊಂಡು ಕೂರುವ ನೀನು ಅಲ್ಲಿ ಹೇಗೆ ದಿನ ಕಳೆಯುತ್ತೀಯೋ. ಐದು ದೇಶದ ಹುಡುಗರು ಒಂದೇ ಊರಿನಲ್ಲಿ ಇಳಿದುಕೊಂಡಿದ್ದಾರೆ, ನೇಪಾಳದವರು, ಬರ್ಮಾದವರು, ಸಿಲೋನಿನವರು, ಬಾಂಗ್ಲಾದವರು, ಎಲ್ಲರೂ ನನ್ನಷ್ಟೇ ಎತ್ತರ ಎಂದೂ ಬರೆದಿದ್ದೆ. ಆ ಸಾಲನ್ನು ನಾನು ಪೇಟೆಯ ಪ್ರತಿ ಅಡತಿ ಅಂಗಡಿಯಲ್ಲೂ ಓದಿ ಹೇಳಿದ್ದೇನೆ. ಕಾರ್ಡಿನ ಮೂಲೆ ಹರಿಯುವ ಹಾಗಾಗಿದೆ.

ಇಲ್ಲಿಯ ಸುದ್ದಿ ಎಂದರೆ, ಹಿಂಗಾರಿ ಬಿತ್ತನೆ ಮುಗಿದಿದೆ, ಭೂಮಿ ಹಸಿಯಾಗಿಯೇ ಇದೆ. ನಿನ್ನಪ್ಪ ಮಲಕಾಜಪ್ಪ ರಾಮದುರ್ಗದ ನೇಕಾರರ ಕಡೆ ವ್ಯಾಪಾರಕ್ಕೆಂದು ಹೋಗಿದ್ದವನು ದಸರೆಗೆ ಬಂದ. ಬಂದವನು ಈಗ ಮನೆಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದಾನೆ. ಕೆಂದಾಕಳು ಹೆಣ್ಣುಗರು ಹಾಕಿದೆ. ಅದರ ಗಿಣ್ಣವನ್ನು ಈ ಸಲ ಮನೆಯಲ್ಲಿ ಯಾರೂ ಸರಿಯಾಗಿ ತಿನ್ನಲಿಲ್ಲ. ಯಾಕೆ ತಿನ್ನಲಿಲ್ಲ ಎನ್ನುವುದನ್ನು ಹೇಳಲಿಕ್ಕೇ ಈ ಪತ್ರ. ನೇರವಾಗಿ ಅಲ್ಲಿಗೆ ಬರಬೇಕೆಂದು ಬೆಳಗಿನಿಂದ ಪೆನ್ನು ಹಿಡಿದು ಕೂತಿದ್ದೇನೆ, ನೋಡು, ಆಕಳ ಸುದ್ದಿ ಬರೆಯುತ್ತಿದ್ದೇನೆ. ನಿನ್ನ ಆಯಿ ಗುರವ್ವ ಊಟ ಬಿಟ್ಟಿದ್ದಾಳೆ. ಅದು ನಿನ್ನಿಂದಾಗಿ. ಹೆದರಬೇಡ, ಪೂರ್ತಿ ಓದು.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯ ಪೇಪರು ಬಂತು. ಡ್ರಿಲ್ ಮಾಸ್ತರ ಪರಸಪ್ಪ ಅದನ್ನು ತಲೆಯ ಮೇಲೆ ಹಿಡಿದು, ಧೋತರದ ಚುಂಗು ಸಿಕ್ಕು ಬೀಳುವ ಹಾಗೆ ಓಡುತ್ತ ನಮ್ಮ ಅಂಗಡಿಗೆ ಬಂದ. ಕೊನೆಯ ಪುಟದಲ್ಲಿ ನಿನ್ನ ಫೋಟೋ! ಬರ್ಮಾದವರ ಮೇಲೆ ನೀನು ಗೋಲು ಹೊಡೆದು ಗೆಲ್ಲಿಸಿದೆಯಂತೆ. ಆಟ ಮುಗಿದ ಮೇಲೆ ನೀನೂ ಆ ಬರ್ಮಾದ ಹುಡುಗನೂ ಅಂಗಿ ಬಿಚ್ಚಿ ಅದಲುಬದಲು ಮಾಡಿಕೊಳ್ಳುತ್ತಿದ್ದೀರಿ, ಇಬ್ಬರ ಮುಖದಲ್ಲೂ ನಗು. ನಮ್ಮ ಬೀಗರ ಮನೆಯಲ್ಲಿ ಮದುವೆ ನಡೆದಾಗಲೂ ನೀನು ಅಷ್ಟು ಹಲ್ಲು ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು ತಮ್ಮಾ, ಸುಳ್ಳು ಯಾಕೆ ಹೇಳಲಿ. ಅರಳೆ ತೂಗುವವರೆಲ್ಲ ತಕ್ಕಡಿ ಬಿಟ್ಟು ಬಂದರು. ಪೇಟೆಯಲ್ಲಿ ಆ ದಿನ ಪೇಪರು ಸಿಗಲಿಲ್ಲ, ಕಿತ್ತೂರಿನಿಂದ ಎರಡು ತರಿಸಿದೆ. ಒಂದನ್ನು ಗೋಡೆಗೆ ಅಂಟಿಸಿದೆ, ಒಂದನ್ನು ನಿನ್ನ ಆಯಿಗೆ ಕೊಟ್ಟೆ. ಅವಳು ಕಣ್ಣಿಗೆ ಒತ್ತಿಕೊಂಡು ದೇವರ ಮನೆಯಲ್ಲಿಟ್ಟಳು. ಮೊಮ್ಮಗ ಪಶುಪತಿನಾಥನ ಊರಿಗೆ ಹೋಗಿದ್ದಾನೆ, ಚೆಂಡಾಟ ನೆಪ, ದರ್ಶನ ಮುಖ್ಯ ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳಲ್ಲ, ಆಗ ಅವಳ ಮುಖ ನೋಡಬೇಕಿತ್ತು.

ಮರುದಿನ ದಸರೆ. ಸಂಜೆ ಬನ್ನಿ ಕೊಡಲು ಮನೆ ತುಂಬ ಮಂದಿ. ಬನ್ನಿ ಕೈಗಿಟ್ಟು, ಬಂಗಾರದಂಗ ಇರೂಣು ಎಂದು ಕಾಲು ಮುಟ್ಟಿ, ಆಮೇಲೆ ಎಲ್ಲರದೂ ಒಂದೇ ಮಾತು, ಫೋಟೋ ಎಲ್ಲಿ. ನಿನ್ನ ಆಯಿ ಪೇಪರನ್ನು ದೇವರ ಮನೆಯಿಂದ ತಂದು ಪಡಸಾಲೆಯ ನಡುವೆ ಹಾಸಿದಳು. ಕೆಳಗಿನ ಓಣಿಯ ಸುಂದರವ್ವ ಬಗ್ಗಿ ನೋಡಿದಳು. ಆಕೆಯ ಕಣ್ಣು ಸೂಜಿ, ಬಾಯಿ ದಬ್ಬಣ ಎಂದು ನಿನಗೂ ಗೊತ್ತು. ಸ್ವಲ್ಪ ಹೊತ್ತು ನೋಡಿ ಎಲ್ಲರಿಗೂ ಕೇಳಿಸುವಂತೆ ಕೇಳಿದಳು, “ಗುರವ್ವಕ್ಕಾ, ಹುಡುಗನ ಕೊರಳಾಗ ಶಿವದಾರನ ಇಲ್ಲಲ್ಲ?”

ನಾನು ಅಲ್ಲಿಯವರೆಗೆ ನಿನ್ನ ನಗು ನೋಡಿದ್ದೆ, ಕಾಲಿನ ಪಟ್ಟಿ ನೋಡಿದ್ದೆ, ಬರ್ಮಾದ ಹುಡುಗನ ಗಿಡ್ಡ ಮೂಗು ನೋಡಿದ್ದೆ. ಎದೆ ನೋಡಿರಲಿಲ್ಲ. ಬರಿಯ ಎದೆ. ನೀನು ಕೂಸಾಗಿದ್ದಾಗ ಗುರುಗಳು ಕಟ್ಟಿದ ಇಷ್ಟಲಿಂಗ, ಅದನ್ನಿಟ್ಟ ಬೆಳ್ಳಿಯ ಗುಂಡಗಡಿಗೆ, ಅದನ್ನು ಹೊತ್ತ ಶಿವದಾರ, ಯಾವುದೂ ಇಲ್ಲ. ಆ ಗುಂಡಗಡಿಗೆಯನ್ನು ನಿನ್ನ ಆಯಿ ತನ್ನ ಕಾಲ್ಗಡಗ ಕರಗಿಸಿ ಮಾಡಿಸಿದ್ದು. ತವರಿನಿಂದ ತಂದ ಒಂದೇ ಒಂದು ಒಡವೆ ಅದು. ಅವಳು ಪೇಪರನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು, ನಿನ್ನ ಕೊರಳ ಮೇಲೆ ಬೆರಳು ಆಡಿಸಿದಳು. ಮಸಿ ಬೆರಳಿಗೆ ಹತ್ತಿತು. ಎದ್ದು ಒಳಗೆ ಹೋದಳು. ಬಂದವರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು.

ಆ ರಾತ್ರಿ ತಂಗೆವ್ವ ತಾಟು ಹಾಕಿದಾಗ ನಿನ್ನ ಆಯಿ ಅದನ್ನು ಪಕ್ಕಕ್ಕೆ ಸರಿಸಿ ಹೇಳಿದ್ದು ಇಷ್ಟೇ. “ಲಿಂಗ ಇಲ್ಲದ ಮೈ ಉಣ್ಣಬಾರದು. ಅವ ಅಲ್ಲಿ ತಿಳೀದ ಉಣ್ಣಾಕ ಹತ್ತ್ಯಾನ. ಅವನ ಬದಲಿ ನಾ ಬಿಡತೇನಿ. ಅದು ಎಲ್ಲೈತಿ, ನೆಲಕ್ಕ ಬಿದ್ದಿಲ್ಲ ಅಂತ ತಿಳಿಯೂತನಕ ನನಗ ಅನ್ನ ಬ್ಯಾಡ.” ಅಂದಿನಿಂದ ತನ್ನ ಲಿಂಗಕ್ಕೆ ಎರೆದ ನೀರು ಬಿಟ್ಟರೆ ಅವಳ ಬಾಯಿಗೆ ಏನೂ ಹೋಗಿಲ್ಲ. ನಾನು ಬೈದೆ. ಗದರಿದೆ. ಕೈಮುಗಿದೂ ನೋಡಿದೆ, ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ಕೈಮುಗಿದದ್ದು ಇದೇ ಮೊದಲು. ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ಡಾಕ್ಟರು ಬಂದು ನಾಡಿ ಹಿಡಿದು, ಸಕ್ಕರೆ ಕಾಯಿಲೆಯವರು ಹೀಗೆ ಹೊಟ್ಟೆ ಕಟ್ಟಿದರೆ ಒಂದು ವಾರ ಎಳೆಯುವುದೂ ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ನಿನ್ನೆಯಿಂದ ಎದ್ದು ಕೂತರೆ ತಲೆ ತಿರುಗುತ್ತದೆ ಎನ್ನುತ್ತಾಳೆ.

ಮಠದ ಸ್ವಾಮಿಗಳನ್ನೂ ಕರೆತಂದೆ. ಪಾಪ, ದೊಡ್ಡ ಮನಸ್ಸಿನವರು. “ಹುಡುಗ ಬಂದಮ್ಯಾಗ ನಾವ ಹೊಸಾ ಲಿಂಗ ಕಟ್ಟತೇವಿ, ನೀ ಉಣ್ಣವ್ವಾ” ಎಂದರು. ಅವಳು ಮಲಗಿದಲ್ಲಿಂದಲೇ ಸೆರಗು ಸರಿಮಾಡಿಕೊಂಡು, “ಕಳದಿದ್ರ ಹೊಸಾದು ಕಟ್ರಿ ಅಜ್ಜಾರ. ಇದು ಕಳದದ್ದಲ್ರಿ, ತಾನ ತಗದದ್ದು. ತಗದದ್ದಕ್ಕ ಏನ್ ಕಟ್ಟತೀರಿ?” ಎಂದು ಕೇಳಿದಳು. ಸ್ವಾಮಿಗಳು ಅವಳ ಹಣೆಗೆ ವಿಭೂತಿ ಹಚ್ಚಿ ಎದ್ದರು. ಪರಸಪ್ಪ ಮಾಸ್ತರನೂ ಬಂದು ತನ್ನ ಪಾಲಿನ ಸಾಕ್ಷಿ ಹೇಳಿದ. ಹೊರದೇಶದ ಆಟವೆಂದರೆ ರೆಫರಿ ಮೈದಾನಕ್ಕೆ ಬಿಡುವ ಮುಂಚೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ನೋಡುತ್ತಾನಂತೆ. ಉಂಗುರ, ಕಡಗ, ಕೊರಳ ಸರ, ಲೋಹದ್ದು ಏನಿದ್ದರೂ ತೆಗೆ ಎನ್ನುತ್ತಾನಂತೆ, ಡಿಕ್ಕಿಯಾದಾಗ ಎದುರಿನವನಿಗೆ ಗಾಯವಾದೀತು ಎಂದು. ನಮ್ಮ ಕಡೆಯ ರೆಫರಿಗಳಿಗೆ ಅದು ಏನೆಂದು ಗೊತ್ತು, ಬಟ್ಟೆಯಲ್ಲಿ ಸುತ್ತಿ ಬನಿಯನ್ನಿನೊಳಗೆ ಬಿಗಿದುಕೊಂಡರೆ ಕಣ್ಣು ಮುಚ್ಚುತ್ತಿದ್ದರು. ಅಲ್ಲಿಯವನಿಗೆ ಏನು ಗೊತ್ತು? ಮಾಸ್ತರ ಇಷ್ಟೆಲ್ಲ ಬಿಡಿಸಿ ಹೇಳಿದರೆ ನಿನ್ನ ಆಯಿ ಒಂದೇ ಮಾತಿನಲ್ಲಿ ಮುಗಿಸಿದಳು, “ಹಂಗಾರ ಆಡಬಾರದಿತ್ತು.”

ನನಗೂ ಮೊದಲು ಸಿಟ್ಟು ಬಂದದ್ದು ನಿನ್ನ ಮೇಲೆಯೇ. ಸುಳ್ಳಲ್ಲ. ಒಂದು ಚೆಂಡಿಗಾಗಿ ಲಿಂಗ ತೆಗೆದನಲ್ಲ ಮೂಳ ಎಂದು ಅಂಗಡಿಯಲ್ಲಿ ಕೂತು ಹಲ್ಲು ಕಡಿದೆ. ಗೋಡೆಗೆ ಅಂಟಿಸಿದ ಪೇಪರನ್ನು ಕಿತ್ತು ಹಾಕಬೇಕೆಂದು ಎದ್ದೆ, ನಿನ್ನ ಮುಖ ನೋಡಿ ಮತ್ತೆ ಕೂತೆ. ಆಮೇಲೆ ಇನ್ನೊಂದು ವಿಚಾರ ಬಂತು. ಗುರವ್ವ ನಿನ್ನನ್ನು ಸಾಕಿದ್ದಾಳೆ. ಸ್ನಾನಕ್ಕೂ ಲಿಂಗವನ್ನು ಮೈಯಿಂದ ಬೇರೆ ಮಾಡದ ಹುಡುಗ ನೀನು. ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಡಲು ನಿನಗೆ ಕೈ ಬಂದೀತೇ? ಬರಲಾರದು. ಹಾಗಾದರೆ ಎಲ್ಲಿಟ್ಟೆ? ಈ ಪ್ರಶ್ನೆಗೆ ಉತ್ತರ ನನಗೆ ಶನಿವಾರ ಸಿಕ್ಕಿತು, ಸಿಕ್ಕ ಮೇಲೆ ನನ್ನ ಕಷ್ಟ ಇಮ್ಮಡಿಯಾಯಿತು.

ಶನಿವಾರ ಬೆಳಿಗ್ಗೆ ಮರೆವ್ವ ಅಂಗಡಿಗೆ ಬಂದಳು, ನಿನ್ನ ಗೆಳೆಯ ದುರ್ಗಪ್ಪನ ತಾಯಿ. ನಮ್ಮಲ್ಲೇ ಅರಳೆ ಆರಿಸುವ ಕೆಲಸಕ್ಕೆ ಬರುತ್ತಾಳಲ್ಲ, ಅಂದು ಕೆಲಸವಿರಲಿಲ್ಲ, ಕೈಕಾಲು ತೊಳೆದು ತಲೆ ಬಾಚಿಕೊಂಡು ಬಂದಿದ್ದಳು. ಅವಳ ಗಂಡ ಭರಮಪ್ಪ ಪ್ರತಿ ವರ್ಷದಂತೆ ದಸರೆಗೆ ನಾಗಪುರಕ್ಕೆ ಹೋಗಿದ್ದ. ಅವರ ಮನೆಯವರು ಬೌದ್ಧರಾದ ಮೇಲೆ, ದೀಕ್ಷೆಯ ದಿನವೆಂದು, ಆ ದಿನ ಅವನು ಇಲ್ಲಿ ನಿಲ್ಲುವುದಿಲ್ಲ. ಮರೆವ್ವ ಹೊಸ್ತಿಲ ಆಚೆಗೇ ನಿಂತು, “ಸಾವಕಾರ್ರ, ಫೋಟೋದಾಗ ನನ್ನ ಮಗಾನೂ ಅದಾನಂತಲ್ರಿ, ಒಂಚೂರು ತೋರಸ್ರಿ” ಎಂದಳು. ನಿಜ ಹೇಳಬೇಕೆಂದರೆ ಫೋಟೋದಲ್ಲಿ ದುರ್ಗಪ್ಪನಿದ್ದಾನೆಯೇ ಎಂದು ಅಲ್ಲಿಯವರೆಗೆ ನಾನು ಹುಡುಕಿರಲೇ ಇಲ್ಲ. ನೀನು ಒದೆಯುವುದು ಕಲಿತದ್ದೇ ಅವನು ತಡೆಯುತ್ತಿದ್ದ ಎಂದು. ಪೇಟೆಯ ಹಿಂದಿನ ಬಯಲಿನಲ್ಲಿ ಎರಡು ಕಲ್ಲು ನೆಟ್ಟು ಅವನು ನಿಲ್ಲುತ್ತಿದ್ದ, ನೀನು ಕತ್ತಲಾಗುವವರೆಗೆ ಒದೆಯುತ್ತಿದ್ದೆ. ಇಬ್ಬರೂ ಒಂದೇ ಗಾಡಿಗೆ ಹತ್ತಿ ಹೋದಿರಿ, ನೀನು ಆಡುವವನು, ಅವನು ಕಾಯ್ದಿಟ್ಟ ಗೋಲ್‌ಕೀಪರ. ಊರಿನ ಬಾಯಲ್ಲಿ ಮಾತ್ರ ನಿನ್ನ ಹೆಸರೊಂದೇ ಇತ್ತು.

ಪರಸಪ್ಪ ಅಂಗಡಿಯಲ್ಲೇ ಬಿಟ್ಟಿದ್ದ ಪೇಪರು ಕೊಟ್ಟೆ. ಅವಳು ಹುಡುಕಬೇಕಾಗಲಿಲ್ಲ. ನಿನ್ನ ಬೆನ್ನ ಹಿಂದೆ, ಬೆಂಚಿನ ಹತ್ತಿರ ಮಸುಕಾಗಿ ನಿಂತ ಒಬ್ಬನ ಮೇಲೆ ನೇರವಾಗಿ ಬೆರಳಿಟ್ಟಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಾಯಿತು. “ಕೊರಳಾಗ ಏನೋ ಹಾಕ್ಕೊಂಡಾನಲ್ರಿ ಇವಾ?” ಎಂದಳು. ನಾನು ಬಗ್ಗಿ ನೋಡಿದೆ. ಅವನ ಜಾಕೀಟಿನ ಗುಂಡಿ ಬಿಚ್ಚಿತ್ತು, ಎದೆಯ ಮೇಲೆ ಬೆಳ್ಳಗೆ ಉರುಟಾಗಿ ಒಂದು ಚುಕ್ಕೆ, ಮೇಲಕ್ಕೆ ಹೋದ ದಾರ. ನನ್ನ ಬಾಯಿಂದ ಮಾತು ತಾನಾಗಿಯೇ ಬಂತು. “ಅದು ಊದೂ ಸೀಟಿ ಮರೆವ್ವಾ. ಕಾಯ್ದಿಟ್ಟವರಿಗೆಲ್ಲಾ ಕೊಡ್ತಾರ” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹೌದೇನ್ರಿ ಎಂದು ಪೇಪರು ಹಿಂದಕ್ಕೆ ಕೊಟ್ಟು ಹೋದಳು. ಅವಳು ಓಣಿ ತಿರುಗುವವರೆಗೂ ತಡೆದು, ಅರಳೆಯ ಎಳೆ ನೋಡಲು ಇಟ್ಟ ಭೂತಗನ್ನಡಿಯನ್ನು ತೆಗೆದು ಫೋಟೋದ ಮೇಲೆ ಹಿಡಿದೆ. ಬರಿ ಚುಕ್ಕೆಗಳೇ, ಆದರೂ ತಿಳಿಯಿತು. ನಮ್ಮದೇ ಗುಂಡಗಡಿಗೆ. ನಿನ್ನ ಲಿಂಗ ಭರಮಪ್ಪನ ಮಗನ ಕೊರಳಲ್ಲಿದೆ.

ಲಿಂಗ ಮೈಯ ಮೇಲಿರಬೇಕು ಎಂದು ಕಲಿಸಿದ್ದೆವು. ನಿನ್ನ ಮೈ ಬೇಡವೆಂದರು, ನೀನು ಇನ್ನೊಂದು ಮೈ ಹುಡುಕಿದೆ. ಹಾಗೆಂದು ನನಗೆ ತಕ್ಷಣ ಅರ್ಥವಾಯಿತು, ನಿನ್ನ ಬುದ್ಧಿಗೆ ಒಂದು ಕ್ಷಣ ಹಿಗ್ಗಿದೆ ಕೂಡ. ಮರುಕ್ಷಣವೇ ಎದೆ ಝಲ್ಲೆಂದಿತು. ಯಾರ ಕೊರಳು ಎನ್ನುವುದು ನೆನಪಾಗಿ ಝಲ್ಲೆಂದದ್ದು ತಮ್ಮಾ. ದಿನ ಬೆಳಗಾದರೆ ನಾನು ಶರಣರ ಮಾತು ಓದುತ್ತೇನೆ, ಲಿಂಗ ಕಟ್ಟಿದವನಿಗೆ ಕುಲವಿಲ್ಲ ಎಂದು ನಾಲ್ಕು ಮಂದಿಗೆ ಹೇಳುತ್ತೇನೆ, ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಆದರೂ ಝಲ್ಲೆಂದಿತು. ಈ ವಯಸ್ಸಿನಲ್ಲಿ ನನ್ನ ಎದೆಯೇ ನನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾದದ್ದು ಏನೂ ಸುಖದ ಸಂಗತಿಯಲ್ಲ.

ಈಗ ನನ್ನ ಸಂಕಟ ನೋಡು. ಲಿಂಗ ನೆಲಕ್ಕೆ ಬಿದ್ದಿಲ್ಲ, ಇಂಥವನ ಕೊರಳಲ್ಲಿದೆ ಎಂದು ಗುರವ್ವನಿಗೆ ಹೇಳಿದರೆ ಅವಳು ಉಣ್ಣಬಹುದು. ಅಥವಾ ಇರುವ ನೀರನ್ನೂ ಬಿಡಬಹುದು. ಆ ಎರಡರಲ್ಲಿ ಯಾವುದು ಎಂದು, ಇಷ್ಟು ಕಾಲ ಜೊತೆಗೆ ಬಾಳಿದ ನನಗೆ ಹೇಳಲು ಬರುವುದಿಲ್ಲ. ಮನೆಯಲ್ಲಿ ಆಡಿದ ಮಾತು ಸುಂದರವ್ವನಿಗೆ ಮುಟ್ಟುತ್ತದೆ, ಸುಂದರವ್ವನಿಗೆ ಮುಟ್ಟಿದ್ದು ಸವದತ್ತಿಯವರೆಗೂ ಹೋಗುತ್ತದೆ. ಆಗ ನಿನಗೆ ಯಾರೂ ಏನೂ ಅನ್ನುವುದಿಲ್ಲ, ಗೋಲು ಹೊಡೆದ ಹುಡುಗ ನೀನು, ಸಾವಕಾರರ ಮೊಮ್ಮಗ. ಮಂದಿ ಸಿಟ್ಟು ತೀರಿಸಿಕೊಳ್ಳುವುದು ಕೇರಿಯ ಮೇಲೆ. ನಿನ್ನ ಸತ್ಕಾರಕ್ಕೆ ಈಗಾಗಲೇ ವಂತಿಗೆಯ ಪಟ್ಟಿ ಎತ್ತುತ್ತಿರುವ ಮಂದಿಯೇ ದುರ್ಗಪ್ಪ ಬಸ್ಸಿಳಿಯುವುದನ್ನು ಕಾಯುತ್ತ ನಿಲ್ಲುತ್ತಾರೆ. ಅವನು ಬಡಪಾಯಿ, ಗೆಳೆಯನ ಮಾತು ನಡೆಸಿಕೊಟ್ಟವನು.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಈ ಪತ್ರ ಕೈಸೇರಿದ ಕೂಡಲೇ ನನ್ನ ಹೆಸರಿಗೆ ಒಂದು ತಾರು ಕಳಿಸು. ಲಿಂಗ ವಿತ್ ಮಿ, ಅಷ್ಟೇ ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಿದ್ದ, ಚಡ್ಡಿಯೊಳಗಿತ್ತು, ಫೋಟೋದಲ್ಲಿ ಹೇಗೆ ಕಾಣಬೇಕು ಎಂದು ನಿನ್ನ ಆಯಿಗೂ ಊರಿಗೂ ಸಾರುತ್ತೇನೆ. ನೀನು ಬಂದ ಮೇಲೂ ಅದನ್ನೇ ಹೇಳಬೇಕು. ದುರ್ಗಪ್ಪನಿಗೂ ತಿಳಿಸಿ ಹೇಳು, ಅವನು ಎಲ್ಲಿಯೂ ಬಾಯಿ ಬಿಡಬಾರದು. ಸುಳ್ಳು ಹೇಳು ಎಂದು ಅಜ್ಜನೇ ಹೇಳಿಕೊಡುತ್ತಾನಲ್ಲ ಎಂದು ನಗಬೇಡ, ನನಗೆ ನಗು ಬರುವ ಹೊತ್ತಲ್ಲ ಇದು. ನಾನೇ ಮೊದಲು ತಾರು ಹೊಡೆಯಬೇಕೆಂದಿದ್ದೆ, ಆದರೆ ಇಂಗ್ಲಿಷಿನ ನಾಲ್ಕು ಶಬ್ದಗಳಲ್ಲಿ ಇದನ್ನೆಲ್ಲ ಹೇಗೆ ಕೇಳಲಿ? ನಮ್ಮ ದುಂಡಪ್ಪ ಅರಳೆಯ ಮಾದರಿ ತೆಗೆದುಕೊಂಡು ಇಂದು ಸಂಜೆ ಮುಂಬಯಿಗೆ ಹೊರಟಿದ್ದಾನೆ, ಅಲ್ಲಿ ವಿಮಾನದ ಟಪಾಲಿಗೆ ಹಾಕುತ್ತಾನೆ. ಅಲ್ಲಿಂದ ನಿನಗೆ, ನಿನ್ನಿಂದ ನನಗೆ. ಅಷ್ಟು ದಿನ ಅವಳು ತಡೆಯುತ್ತಾಳೋ ಇಲ್ಲವೋ. ನೀನು ತಡ ಮಾಡಬೇಡ.

ಆಟ ಬಿಟ್ಟು ಓಡಿ ಬರಬೇಡ. ಹಾಗೆ ಮಾಡಿದರೆ ಮಂದಿಗೆ ನಾವೇ ಬಾಯಿ ಕೊಟ್ಟ ಹಾಗೆ. ಬಾಂಗ್ಲಾದವರ ಮೇಲೂ ಚೆನ್ನಾಗಿ ಆಡು, ಎಡಗಡೆಯಿಂದ ಬಂದು ಒಳಗೆ ತಿರುಗುವುದನ್ನು ಅವರು ಈಗ ನೋಡಿಕೊಂಡಿರುತ್ತಾರೆ, ಒಮ್ಮೊಮ್ಮೆ ಹೊರಗೆ ತಿರುಗು, ಇದು ಪರಸಪ್ಪ ಮಾಸ್ತರನ ಮಾತು. ನಿನ್ನಪ್ಪ, ನಿನ್ನವ್ವ ಆಶೀರ್ವಾದ ಹೇಳಿದ್ದಾರೆ. ಮಾಸ್ತರ ಬೆನ್ನು ತಟ್ಟಿದ್ದೇನೆ ಎಂದು ಬರೆಯಿರಿ ಎಂದ. ಲಕೋಟೆಯಲ್ಲಿ ಎರಡು ಎಲೆ ಬನ್ನಿ ಇಟ್ಟಿದ್ದೇನೆ, ಒಂದು ನಿನಗೆ, ಒಂದು ದುರ್ಗಪ್ಪನಿಗೆ. ಆಯಿಯ ಆಶೀರ್ವಾದವನ್ನು ಕೇಳಿ ಬರೆಯುವ ಧೈರ್ಯ ನನಗಾಗಲಿಲ್ಲ, ಅದನ್ನು ನೀನೇ ಬಂದು ತೆಗೆದುಕೊಳ್ಳುವಂತೆ ಶಿವ ಮಾಡಲಿ.

ನಿನ್ನ ಹಾದಿ ನೋಡುವ ಅಜ್ಜ,
ಶಂಕರೆಪ್ಪ

ತಾ. ಕ. – ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ದುಂಡಪ್ಪ ಚೀಲ ಹೆಗಲಿಗೆ ಹಾಕಿ ಕಟ್ಟೆಯ ಮೇಲೆ ನಿಂತಿದ್ದಾನೆ, ಗಡಿಬಿಡಿ. ತಾರು ಕಳಿಸಬೇಡ. ಮೇಲೆ ಹೇಳಿದ ಸುಳ್ಳು ಬೇಡ.

ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಮರೆವ್ವ ಮನೆಯ ಹಿತ್ತಲಿಗೆ ಬಂದಳಂತೆ. ನಿನ್ನ ಆಯಿ ಹಿಂಬಾಗಿಲ ಹತ್ತಿರ ಗಾಳಿಗೆ ಮಲಗಿದ್ದಳು. ತಂಗೆವ್ವ ಅಲ್ಲೇ ಇದ್ದಳು, ಅವಳು ಹೇಳಿದ ಹಾಗೆ ಬರೆಯುತ್ತೇನೆ. ಮರೆವ್ವ ಅಂಗಳದಲ್ಲಿ ನಿಂತುಕೊಂಡೇ, “ಯವ್ವಾರ, ನಿಮ್ಮ ಲಿಂಗ ಎಲ್ಲೂ ಹೋಗಿಲ್ರಿ. ನನ್ನ ಮಗನ ಕೊರಳಾಗ ಐತ್ರಿ. ಫೋಟೋದಾಗ ನಾನ ನೋಡೇನ್ರಿ. ಎರಡ ದಿನ ಬಾಯಿ ಬಿಡಾಕ ಅಂಜಿದ್ನಿರಿ. ಅವ ನೆಲಕ್ಕ ಇಡೂ ಪೈಕಿ ಅಲ್ರಿ. ಉಣ್ರಿ” ಎಂದಳಂತೆ. ಸೀಟಿ ಎಂದ ನನ್ನ ಮಾತನ್ನು ಅವಳು ಒಂದು ಗಳಿಗೆಯೂ ನಂಬಿರಲಿಲ್ಲ. ಗುರವ್ವ ಇನ್ನೊಮ್ಮೆ ಹೇಳು ಎಂದಳಂತೆ. ಅವಳು ಇನ್ನೊಮ್ಮೆ ಹೇಳಿದಳು. ನಿನ್ನ ಆಯಿ ಗೋಡೆ ಹಿಡಿದು ಎದ್ದು ಕೂತು, ತಂಗೆವ್ವಾ, ಒಂದೀಟ ಗಂಜಿ ತಾ ಎಂದಳಂತೆ. ಕುಡಿದಳು ತಮ್ಮಾ. ಅರ್ಧ ಬಟ್ಟಲು. ಮರೆವ್ವ ಅದನ್ನು ನೋಡಿ ಹೋದಳು. ಅವಳನ್ನು ಒಳಗೆ ಬಾ ಎಂದೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಆ ಲಿಂಗವನ್ನು ಇನ್ನು ಏನು ಮಾಡುವುದು ಎಂದು ನಿನ್ನ ಆಯಿ ಇನ್ನೂ ಬಾಯಿ ಬಿಟ್ಟಿಲ್ಲ. ಸುದ್ದಿ ಆಗಲೇ ಓಣಿಯಲ್ಲಿದೆ, ನಾನು ಮಲಕಾಜಪ್ಪನನ್ನು ಕೇರಿಯ ಕಡೆ ಕಣ್ಣಿಟ್ಟಿರಲು ಕಳಿಸಿದ್ದೇನೆ.

ಈಗ ಮುಖ್ಯ ಮಾತು. ಸ್ವಲ್ಪ ಹೊತ್ತಿನ ಮುಂಚೆ ಭರಮಪ್ಪ ಬಂದಿದ್ದ. ನಾಗಪುರದಿಂದ ಬಂದಿಳಿದವನು ಮರೆವ್ವ ಹೇಳಿದ್ದನ್ನು ಕೇಳಿದ ಕಾಲಿನಲ್ಲೇ ಅಂಗಡಿಗೆ ಬಂದಿದ್ದ, ಕೈಯಲ್ಲಿ ಚೀಲ ಹಾಗೇ ಇತ್ತು. ಗಾದಿಯ ಮೇಲೆ ಕೂರು ಎಂದೆ, ಕೂರಲಿಲ್ಲ. ಜಿನ್ನಿಂಗ್ ಫ್ಯಾಕ್ಟರಿಯ ಗದ್ದಲದಲ್ಲಿ ದುಡಿಯುವ ಫಿಟ್ಟರ್, ದನಿ ದೊಡ್ಡದು, ಆದರೆ ಇವತ್ತು ಮೆಲ್ಲಗೆ ಮಾತಾಡಿದ. “ಸಾವಕಾರ್ರ, ನನ್ನ ಹೆಣ್ತಿ ಮುಂದ ಸೀಟಿ ಅಂದ್ರಂತ. ಇರ್ಲಿ. ನನಗ ಒಂದ ಮಾತು ಹೇಳ್ರಿ. ನಿಮ್ಮ ಮೊಮ್ಮಗ ನನ್ನ ಮಗನ್ನ ಕೇಳಿ ಕಟ್ಟಿದ್ನೋ, ಗೂಟಕ್ಕ ಅಂಗಿ ಹಾಕಿದಂಗ ಹಾಕಿದ್ನೋ? ನಮ್ಮ ಕೊರಳಾಗಿಂದ ಎಲ್ಲಾ ತಗದ ಒಗದ ಬಂದ ಮಂದಿ ನಾವು. ಅವ ಹೂಂ ಅಂದಿದ್ರ ಅದು ಅವರ ದೋಸ್ತಿ, ನಂದೇನೂ ಮಾತಿಲ್ಲ. ಕೇಳದ ಕಟ್ಟಿದ್ರ?” ಅಷ್ಟು ಹೇಳಿ ನಿಂತ. ಆಮೇಲೆ ಅದೇ ಚೀಲ ಹಿಡಿದು ಹೋದ.

ಇಷ್ಟುದ್ದ ಬರೆದೆನಲ್ಲ ನಿಜಗುಣಾ, ಲಿಂಗ ಏನಾಯಿತು, ಆಯಿ ಉಣ್ಣುತ್ತಾಳೋ ಇಲ್ಲವೋ, ಊರು ಏನನ್ನುತ್ತದೆ, ಎಲ್ಲ ಬಂತು. ದುರ್ಗಪ್ಪನ ಮನಸ್ಸು ಏನಿತ್ತು ಎಂದು ಒಂದು ಸಾಲೂ ಬರಲಿಲ್ಲ. ಹೋಗಿ ಹೋಗಿ ಬಾಯಿ ಮುಚ್ಚಿಕೊಂಡಿರಲು ಅವನಿಗೆ ಹೇಳು ಎಂದು ಬರೆದೆ. ಅದನ್ನು ಹೊಡೆದು ಹಾಕಿದ್ದೇನೆ ಎಂದು ತಿಳಿ. ದುಂಡಪ್ಪ ಕರೆಯುತ್ತಿದ್ದಾನೆ. ಉತ್ತರವನ್ನು ನನಗೆ ಬರೆಯಬೇಡ, ಭರಮಪ್ಪನಿಗೆ ಬರೆ, ಇದ್ದದ್ದು ಇದ್ದ ಹಾಗೆ ಬರೆ. ದುರ್ಗಪ್ಪನ ಕೊರಳಿಗೆ ಕಟ್ಟುವ ಮೊದಲು ನೀನು ಅವನನ್ನು ಕೇಳಿದ್ದೆಯಾ?